ಕೊಡೆ ಇಡಲೊಂದು ಬಕೆಟ್

ನಾನು ಕೆಲಸ ಮಾಡುವುದು ಮಲೆನಾಡಿನ ಒಂದು ಸಣ್ಣ ಊರಿನ ಆರ್ಟ್ ಗ್ಯಾಲರಿಯಲ್ಲಿ. ಬಸ್ ಸ್ಟ್ಯಾಂಡಿನ ಎದುರಿಗೆ ಹಳೇ ಹೆಂಚಿನ ಕಟ್ಟಡ. ಎರಡು ಕೋಣೆ, ಮುಂದೊಂದು ಜಗಲಿ. ಹುದ್ದೆಯ ಹೆಸರು ದೊಡ್ಡದು. ಮಾಡುವುದು ಮಾತ್ರ ಬೀಗ ತೆಗೆಯುವುದು, ಕಸ ಗುಡಿಸುವುದು, ಚಿತ್ರ ತೂಗುಹಾಕುವುದು, ಲೇಬಲ್ ಬರೆಯುವುದು, ಬಂದವರ ಜೊತೆ ಮಾತಾಡುವುದು. ಮೈಸೂರಿನಲ್ಲಿ ಚಿತ್ರಕಲೆ ಓದಿ ಬಂದವನಿಗೆ ಮೊದಲ ನಾಲ್ಕು ಬರುತ್ತಿತ್ತು. ಕೊನೆಯದು ಬರುವುದಿಲ್ಲ ಅಂತ ನನಗೇ ಗೊತ್ತಾಗಲು ಎರಡು ಮಳೆಗಾಲ ಹಿಡಿಯಿತು.

ಆಗ ನನ್ನ ಮೇಜು ಬಾಗಿಲಿಗೆ ನೇರವಾಗಿ ಇತ್ತು. ಯಾರಾದರೂ ಹೊಸ್ತಿಲಿಗೆ ಬಂದರೆ ತಲೆಯೆತ್ತಿ ‘ಏನು ಬೇಕಿತ್ತು?’ ಎನ್ನುತ್ತಿದ್ದೆ. ಮರ್ಯಾದೆಯಿಂದಲೇ ಕೇಳುತ್ತಿದ್ದೆ. ಆದರೆ ತಾಲ್ಲೂಕು ಕಚೇರಿಯಲ್ಲೂ ಬ್ಯಾಂಕಿನಲ್ಲೂ ಕೇಳುವುದು ಇದೇ ಮಾತು. ಏನೋ ಬೇಕಾಗಿ ಬಂದವನು ಮಾತ್ರ ಅದಕ್ಕೆ ಉತ್ತರ ಕೊಡಬಲ್ಲ. ಸುಮ್ಮನೆ ನೋಡಲು ಬಂದವನು ಏನು ಹೇಳಬೇಕು? ‘ಏನಿಲ್ಲ, ಏನಿಲ್ಲ’ ಅಂತ ಹಿಂದೆ ಸರಿಯುತ್ತಿದ್ದರು. ಕೆಲವರು ಚಪ್ಪಲಿ ಬಿಡಬೇಕಾ ಅಂತ ಕೇಳುತ್ತಿದ್ದರು, ಕೆಲವರು ಟಿಕೆಟ್ ಎಷ್ಟು ಅಂತ. ದಿನಕ್ಕೆ ನಾಲ್ಕೈದು ಜನ ಬಂದರೆ ಹೆಚ್ಚು. ಊರಿನವರಿಗೆ ಕಲೆಯಲ್ಲಿ ಆಸಕ್ತಿಯಿಲ್ಲ ಎಂದು ಸ್ನೇಹಿತರ ಹತ್ತಿರ ಗೊಣಗುತ್ತಿದ್ದೆ.

ಜೂನ್ ಹಿಡಿದರೆ ಬಸ್ಸು ತಡ. ಕಾಯುವವರೆಲ್ಲ ನಮ್ಮ ಜಗಲಿಗೆ. ಒದ್ದೆ ಕೊಡೆ, ಕೆಸರು ಕಾಲು, ತರಕಾರಿ ಚೀಲ. ನೆಲವೆಲ್ಲ ನೀರಾಗುತ್ತದೆಂದು ಒಂದು ಫಲಕ ಬರೆದೆ: ‘ಇಲ್ಲಿ ನಿಲ್ಲಬಾರದು.’ ಕಲಿತ ಅಕ್ಷರಕಲೆಯನ್ನೆಲ್ಲ ಅದರಲ್ಲಿ ಸುರಿದಿದ್ದೆ. ಕೆಂಪಂಚು, ದುಂಡನೆಯ ಒತ್ತಕ್ಷರ, ಅಳತೆ ತಪ್ಪದ ಅಂತರ. ಗೋಡೆಗೆ ಹೊಡೆದು ಒಳಗೆ ಬಂದು ಕೂತೆ. ಸ್ವಲ್ಪ ಹೊತ್ತಿಗೆ ಒಬ್ಬ ಅಜ್ಜಿ ಜಗಲಿ ಹತ್ತಿದರು. ಫಲಕದ ಮುಂದೆ ನಿಂತು ಬೆರಳಿಟ್ಟು ಅಕ್ಷರ ಕೂಡಿಸಿ ಓದಿದರು. ಓದಿ ಮುಗಿಸಿ, ಸೆರಗು ತಲೆಗೆ ಎಳೆದುಕೊಂಡು, ಮಳೆಯಲ್ಲೇ ಇಳಿದು ಹೋದರು.

ಆ ಕಟ್ಟಡದಲ್ಲಿ ಅಲ್ಲಿಯವರೆಗೆ ಯಾರೂ ನನ್ನ ಕೆಲಸವನ್ನು ಅಷ್ಟು ಗಮನವಿಟ್ಟು ನೋಡಿರಲಿಲ್ಲ.

ಫಲಕ ಕಿತ್ತೆ. ಮರುದಿನ ಬಾಗಿಲ ಪಕ್ಕ ಒಂದು ಪ್ಲಾಸ್ಟಿಕ್ ಬಕೆಟ್ ಇಟ್ಟೆ, ಕೊಡೆ ನಿಲ್ಲಿಸಲು. ಕಾಲು ಒರೆಸಲು ಎರಡು ಗೋಣಿಚೀಲ. ಮೇಜನ್ನು ಮೂಲೆಗೆ ತಳ್ಳಿ ಅದರ ಜಾಗಕ್ಕೆ ಒಂದು ಬೆಂಚು ಎಳೆದೆ. ‘ಏನು ಬೇಕಿತ್ತು’ ಬಿಟ್ಟು ‘ಬನ್ನಿ, ಒಳಗೆ ಕೂತ್ಕೊಳ್ಳಿ, ಬಸ್ಸು ಬಂದ್ರೆ ಇಲ್ಲಿಂದಲೇ ಕಾಣುತ್ತೆ’ ಎನ್ನಲು ಶುರುಮಾಡಿದೆ. ಬಸ್ಸು ಕಾಣುತ್ತದೆ ಎಂಬ ಮಾತೇ ಮುಖ್ಯ ಅಂತ ಆಮೇಲೆ ತಿಳಿಯಿತು. ಬಸ್ಸು ತಪ್ಪುವುದಿಲ್ಲ ಎಂದು ಖಾತ್ರಿಯಾದ ಮೇಲೇ ಕಣ್ಣು ಗೋಡೆಯ ಕಡೆ ತಿರುಗುವುದು.

ಇದರಿಂದ ನನಗೆ ಕೆಲಸ ಹೆಚ್ಚಿತು, ಅದನ್ನೂ ಹೇಳಬೇಕು. ಒದ್ದೆ ಬಟ್ಟೆಯ ಹತ್ತು ಜನ ಕೂತರೆ ಕೋಣೆಯ ತೇವ ಏರುತ್ತದೆ. ಕಾಗದದ ಚಿತ್ರಕ್ಕೆ ಬೂಷ್ಟು ಹಿಡಿಯಲು ಇಷ್ಟು ಸಾಕು. ಹಾಗಾಗಿ ಜಲವರ್ಣಗಳೆಲ್ಲ ಒಳಕೋಣೆಗೆ ಹೋದವು, ಅದೂ ಮಳೆ ಬಡಿಯದ ಗೋಡೆಗೆ. ಗಾಜು ಕಾಗದಕ್ಕೆ ತಾಗದ ಹಾಗೆ ನಡುವೆ ದಪ್ಪ ರಟ್ಟಿನ ಮೌಂಟ್, ಚೌಕಟ್ಟಿನ ಹಿಂದೆ ನಾಲ್ಕು ಮೂಲೆಗೂ ಬಿರಡೆಯ ಚೂರು, ಗೋಡೆಗೂ ಚಿತ್ರಕ್ಕೂ ನಡುವೆ ಗಾಳಿಯಾಡಲಿ ಎಂದು. ಜಲವರ್ಣಕ್ಕೆ ಬೆಳಕು 50 ಲಕ್ಸ್ ಮೀರಬಾರದು ಎನ್ನುತ್ತಾರೆ. ಮಳೆಗಾಲದ ನಮ್ಮ ಒಳಕೋಣೆಯಲ್ಲಿ ಆ ಚಿಂತೆಯಿಲ್ಲ, ನಡೆಯುವಾಗ ಎಡವದಿದ್ದರೆ ಸಾಕು. ಮುಂದಿನ ಕೋಣೆಗೆ ಎಣ್ಣೆವರ್ಣ, ಅಕ್ರಿಲಿಕ್. ಚಿತ್ರದ ನಡುಮಧ್ಯ ನೆಲದಿಂದ ಸುಮಾರು 145 ಸೆಂಟಿಮೀಟರ್ ಎತ್ತರಕ್ಕೆ ಬರಬೇಕು ಎಂಬುದು ನಿಂತು ನೋಡುವವರ ಲೆಕ್ಕ. ನಮ್ಮಲ್ಲಿ ನೋಡುವವರು ಕೂತಿರುತ್ತಾರೆ. ಬೆಂಚಿನ ಎದುರಿನ ಗೋಡೆಯಲ್ಲಿ ಒಂದು ಗೇಣು ಇಳಿಸಿದೆ.

ಮಾತಿನ ವಿಷಯಕ್ಕೆ ಬರುತ್ತೇನೆ. ‘ಇದರ ಅರ್ಥ ಏನು ಸಾರ್?’ ಅಂತ ಯಾರಾದರೂ ಕೇಳಿದರೆ ಮೊದಲೆಲ್ಲ ಹತ್ತು ನಿಮಿಷ ಕೊರೆಯುತ್ತಿದ್ದೆ. ಅವರು ತಲೆಯಾಡಿಸುತ್ತಿದ್ದರು, ಬಸ್ಸಿನ ಕಡೆ ನೋಡುತ್ತಿದ್ದರು. ಈಗ ಅರ್ಥದ ಗೊಡವೆಗೆ ಹೋಗುವುದಿಲ್ಲ. ಹೇಗೆ ಮಾಡಿದ್ದು ಅಂತ ಹೇಳುತ್ತೇನೆ. ಯಾವ ಕಾಗದ, ಎಷ್ಟು ದಿನ, ಯಾವ ಬಣ್ಣ ಮೊದಲು ಬಿತ್ತು. ಅಲ್ಲಿಂದ ಮುಂದಕ್ಕೆ ಅವರೇ ಮಾತಾಡುತ್ತಾರೆ. ಒಬ್ಬ ಗಾರೆ ಕೆಲಸದವರು ದಪ್ಪ ಬಣ್ಣದ ಒಂದು ಅಮೂರ್ತ ಚಿತ್ರದ ಮುಂದೆ ನಿಂತು, ‘ಇದು ಬ್ರಷ್ಷಲ್ಲ ಸಾರ್, ಕರಣೆ ಕೆಲಸ. ಎಡಗೈಯವರು ಮಾಡಿದ್ದು’ ಎಂದರು. ಬಣ್ಣ ಬಳಿಯುವ ನೈಫಿನಲ್ಲಿ ಎಳೆದ ಚಿತ್ರ ಎಂಬುದು ಲೇಬಲ್ಲಿನಲ್ಲಿ ಇರಲಿಲ್ಲ. ಎಡಗೈ ವಿಷಯ ನನಗೂ ಗೊತ್ತಿರಲಿಲ್ಲ. ಕಲಾವಿದರಿಗೆ ಫೋನ್ ಮಾಡಿ ಕೇಳಿದೆ, ಹೌದು.

ಆಗ ಮೈಸೂರಿನ ದಿನಗಳು ನೆನಪಾದವು. ಜಗನ್ಮೋಹನ ಅರಮನೆಯಲ್ಲಿ ಎಸ್. ಎಲ್. ಹಲ್ದಣಕರ್ ಅವರ ದೀಪ ಹಿಡಿದ ಹೆಂಗಸಿನ ಜಲವರ್ಣವಿದೆಯಲ್ಲ, ಪ್ರವಾಸಕ್ಕೆ ಬಂದ ಜನ ಅದರ ಮುಂದೆ ಅರ್ಥ ಕೇಳಿದ್ದನ್ನು ನಾನು ಕಂಡಿಲ್ಲ. ದೀಪಕ್ಕೆ ಅಡ್ಡ ಹಿಡಿದ ಬೆರಳು ಕೆಂಪಗಾಗಿದ್ದನ್ನು ಒಬ್ಬರಿಗೊಬ್ಬರು ತೋರಿಸುತ್ತಿದ್ದರು. ರವಿವರ್ಮನದು ಅಂತ ಎಷ್ಟೋ ಜನ ತಪ್ಪಾಗಿ ಹೇಳಿಕೊಂಡು ಹೊರಟರೂ ಬೆರಳನ್ನು ಮಾತ್ರ ಸರಿಯಾಗಿ ನೋಡಿರುತ್ತಿದ್ದರು. ಬೆಂಗಳೂರಿನ ಕುಮಾರಕೃಪಾ ರಸ್ತೆಯ ಚಿತ್ರಸಂತೆಯಲ್ಲೂ ಹೀಗೇ. ಬದನೆಕಾಯಿಗೆ ಚೌಕಾಸಿ ಮಾಡುವಷ್ಟೇ ಸಲೀಸಾಗಿ ಜನ ಚಿತ್ರದ ಬೆಲೆ ಕೇಳುತ್ತಾರೆ. ಬೀದಿಗೆ ಹೊಸ್ತಿಲಿಲ್ಲ.

ನನ್ನ ಇನ್ನೊಂದು ತಪ್ಪು ಲೇಬಲ್ಲಿನದು. ಹಸೆ ಚಿತ್ತಾರದ ಒಂದು ಹಳೆಯ ಹಾಳೆ ನಮ್ಮಲ್ಲಿತ್ತು. ದೀವರ ಸಮುದಾಯದ ಹೆಣ್ಣುಮಕ್ಕಳು ಮದುವೆಗೆ ಗೋಡೆಯ ಮೇಲೆ ಬರೆಯುವ ಚಿತ್ತಾರ. ನೆನೆಸಿ ಅರೆದ ಅಕ್ಕಿಯ ಬಿಳಿ, ಹುರಿದ ಅಕ್ಕಿಯ ಕಪ್ಪು, ಕೆಮ್ಮಣ್ಣು, ಗುರಿಗೆ ಕಾಯಿಯ ಹಳದಿ, ಪುಂಡಿ ನಾರಿನ ಕುಂಚ. ಇಷ್ಟನ್ನೂ ಲೇಬಲ್ಲಿನಲ್ಲಿ ಬರೆದು ಕೆಳಗೆ ‘ಕಲಾವಿದೆ: ಅನಾಮಿಕ’ ಅಂತ ಹಾಕಿದ್ದೆ. ಬಸ್ಸಿಗೆ ಕಾಯುತ್ತಿದ್ದ ಒಬ್ಬ ಹೆಂಗಸು ಬಹಳ ಹೊತ್ತು ನೋಡಿದರು.

‘ತಮಾ, ಈ ಹಳದಿ ಗುರಿಗೆದಲ್ಲ. ಅಂಗಡಿ ಪುಡಿ.’

ಇರಬಹುದು ಎಂದೆ.

‘ಇರಬಹುದಲ್ಲ, ಹೌದು. ಇದು ನಮ್ಮ ದೊಡ್ಡಮ್ಮನ ಕೈ. ಮೂಲೆ ತಿರುಗಿಸೋ ಕಡೆ ಒಂದು ಎಳೆ ಹೆಚ್ಚು ಹಾಕ್ತಿದ್ಲು. ಆ ವರ್ಷ ಗುರಿಗೆ ಸಿಕ್ಕಿರಲಿಲ್ಲ. ಅನಾಮಿಕ ಅಂದ್ರೆ ಎಂತದು?’

ಹೇಳಿದೆ. ‘ಕೇಳಿದ್ರೆ ಹೇಳ್ತಿದ್ವಲ್ಲ’ ಎಂದರು. ಕೋಪವಿರಲಿಲ್ಲ, ಆಶ್ಚರ್ಯವಿತ್ತು. ಅವತ್ತೇ ಲೇಬಲ್ ಬದಲಾಯಿತು: ದೊಡ್ಡಮ್ಮನ ಹೆಸರು, ಊರು, ಮತ್ತು ಹಳದಿ ಪುಡಿಬಣ್ಣ. ಆಮೇಲೆ ಉಗ್ರಾಣದಲ್ಲಿದ್ದ ಉಳಿದ ಅನಾಮಿಕರನ್ನು ಹುಡುಕಲು ಹೊರಟೆ. ಕೆಲವರ ಹೆಸರು ಸಿಕ್ಕಿತು. ಮಿಕ್ಕವುಗಳ ಕೆಳಗೆ ಈಗ ‘ಗೊತ್ತಿದ್ದವರು ದಯವಿಟ್ಟು ಹೇಳಿ’ ಎಂದಿದೆ.

ಇದೇ ಹೆಂಗಸಿನಿಂದ ಕಿಟಕಿ ಪಕ್ಕದ ಮೊಳೆ ಶುರುವಾಯಿತು. ಒಂದೇ ಮೊಳೆ, ಕೆಳಗೊಂದು ಸಣ್ಣ ಹಲಗೆ. ಊರಿನವರು ಕೈಯಾರೆ ಮಾಡಿದ್ದು ಏನಾದರೂ ತಂದರೆ ಒಂದಷ್ಟು ದಿನ ಅಲ್ಲಿರುತ್ತದೆ, ಹೆಸರು ಊರಿನ ಸಮೇತ. ಕ್ರೋಶಾ ಬಂತು, ಟೈಲರ್ ಒಬ್ಬರು ತುಂಡುಬಟ್ಟೆಯಲ್ಲಿ ಹೊಲಿದ ಗುಬ್ಬಿ ಬಂತು, ಹೈಸ್ಕೂಲ್ ಹುಡುಗನ ಬಸ್ಸಿನ ಚಿತ್ರಗಳು ಬಂದವು, ರೂಟ್ ಬೋರ್ಡಿನ ಸಮೇತ. ಎಲ್ಲವೂ ಸಲೀಸಾಗಿ ನಡೆಯಿತು ಅಂದುಕೊಳ್ಳಬೇಡಿ. ಒಬ್ಬ ಮಹನೀಯರು ಕ್ಯಾಲೆಂಡರ್ ನೋಡಿ ಬರೆದ ನಲವತ್ತು ದೇವರ ಚಿತ್ರ ತಂದು, ಒಂದನ್ನೂ ಬಿಡಬಾರದು ಎಂದು ಹಟ ಹಿಡಿದರು. ಒಂದೇ ಮೊಳೆ ಇರುವುದು ಎಂದೆ. ಅವರು ಈಗಲೂ ನನ್ನನ್ನು ಕಂಡರೆ ರಸ್ತೆಯ ಆಚೆ ಬದಿಗೆ ಹೋಗುತ್ತಾರೆ.

ಈ ಮಳೆಗಾಲದ ಶುರುವಿನಲ್ಲಿ ಆ ಹೆಂಗಸೇ ಒಂದು ಬತ್ತದ ತೋರಣ ತಂದುಕೊಟ್ಟರು. ತೆನೆಯಿಂದ ಕಾಳು ಬಿಡಿಸದೆ ನೇಯ್ದದ್ದು. ಮೊಳೆಗೆ ಹಾಕಿದೆ. ಬೂಷ್ಟಿನ ಭಯಕ್ಕೆ ದಿನಾ ಮುಟ್ಟಿ ನೋಡುತ್ತಿದ್ದೆ, ಒಣಬಟ್ಟೆಯಲ್ಲಿ ಒರೆಸುತ್ತಿದ್ದೆ. ಇಲಿಯ ಯೋಚನೆಯೇ ಬಂದಿರಲಿಲ್ಲ. ಒಂದು ಸೋಮವಾರ ಬೀಗ ತೆಗೆದರೆ ಮೊಳೆಯಲ್ಲಿ ದಾರ ಮಾತ್ರ, ಕೆಳಗೆ ಹಲಗೆಯ ತುಂಬ ಹೊಟ್ಟು.

ಹೇಗೆ ಹೇಳುವುದು ಅಂತ ಮೂರು ದಿನ ತಳ್ಳಿದೆ. ನಾಲ್ಕನೇ ದಿನ ಅವರೇ ಬಂದರು, ಕೊಡೆ ಬಕೆಟ್ಟಿಗೆ ಹಾಕಿ, ನೇರ ಕಿಟಕಿಯ ಹತ್ತಿರ. ದಾರ ನೋಡಿದರು, ಹೊಟ್ಟು ನೋಡಿದರು.

‘ಬೆಕ್ಕು ಸಾಕಿಲ್ವಾ ತಮಾ?’

ಇಲ್ಲ ಎಂದೆ. ದುಡ್ಡು ಕೊಡುತ್ತೇನೆ ಎಂದೆ. ಅವರು ಅದನ್ನು ಕೇಳಿಸಿಕೊಂಡ ಹಾಗೆ ಕಾಣಲಿಲ್ಲ. ‘ಈಗ ಮಾಡಕ್ಕಾಗಲ್ಲ. ಹೊಸ ಬತ್ತ ಬರಬೇಕು. ಮೊಳೆ ಬೇರೆ ಯಾರಿಗೂ ಕೊಡಬೇಡ’ ಅಂದು ಬೆಂಚಿನ ಮೇಲೆ ಕೂತರು.

ಈಗ ಮೊಳೆ ಖಾಲಿಯಿದೆ. ಕೆಳಗಿನ ಲೇಬಲ್ಲಿನಲ್ಲಿ ಅವರ ಹೆಸರಿದೆ, ಊರಿದೆ, ‘ಬತ್ತದ ತೋರಣ, ಸುಗ್ಗಿಯ ನಂತರ’ ಎಂದಿದೆ. ಮಳೆಗೆ ಒಳಗೆ ಬಂದವರು ಅದರ ಮುಂದೆಯೂ ನಿಲ್ಲುತ್ತಾರೆ. ನಿನ್ನೆ ಕಾಲೇಜು ಹುಡುಗಿಯೊಬ್ಬಳು, ಇದೂ ಒಂದು ಆರ್ಟಾ ಸಾರ್ ಎಂದು ಕೇಳಿದಳು. ಇಲಿಯ ಕಥೆ ಶುರುಮಾಡುವಷ್ಟರಲ್ಲಿ ಅವಳ ಬಸ್ಸು ಬಂತು.