ಅಷ್ಟು ಜನರಲ್ಲಿ ನಿನಗೆ ಜಾನ್ ಡೀಕನ್ನೇ ಯಾಕೆ?

"ಕ್ವೀನ್ ಅಂದ್ರೆ ಫ್ರೆಡ್ಡಿ ಮರ್ಕ್ಯುರಿ ಅಲ್ವಾ ಮಾರಾಯ್ತಿ? ನಿಂಗೆ ಆ ಬದಿಯಲ್ಲಿ ನಿಂತು ಬೇಸ್ ಬಾರಿಸುವವನೇ ಯಾಕೆ?"

ಆಫೀಸಿನಲ್ಲಿ, ಮದುವೆಮನೆಯಲ್ಲಿ, ಬಸ್ಸಿನಲ್ಲಿ ಪಕ್ಕ ಕೂತವರಿಂದ ಕೂಡ ಈ ಪ್ರಶ್ನೆ ಕೇಳಿಸಿಕೊಂಡಿದ್ದೇನೆ. ಕ್ವೀನ್ ಎಂದರೆ ಇಂಗ್ಲೆಂಡಿನ ನಾಲ್ವರ ರಾಕ್ ಬ್ಯಾಂಡು. ಫ್ರೆಡ್ಡಿ ಅದರ ಹಾಡುಗಾರ, ಡೀಕನ್ ತಗ್ಗು ದನಿಯ ಬೇಸ್ ಗಿಟಾರಿನವನು. ನನ್ನ ಫೋನಿನ ಪರದೆಯ ಮೇಲೆ ಜಾನ್ ಡೀಕನ್ ಇದ್ದಾನೆ, ಗುಂಗುರು ಕೂದಲು, ಹಲ್ಲು ಕಾಣುವ ಸಣ್ಣ ನಗು. ನೋಡಿದವರಿಗೆ ಅವನು ಯಾರೆಂದೇ ತಿಳಿಯುವುದಿಲ್ಲ. ಹೇಳಿದ ಮೇಲೆ ಈ ಪ್ರಶ್ನೆ ಬರುತ್ತದೆ.

ನಿಜ ಹೇಳಬೇಕೆಂದರೆ, ಫ್ರೆಡ್ಡಿಯ ದನಿ ಕೇಳುವ ಮೊದಲೇ ನಾನು ಡೀಕನ್‌ನನ್ನು ಕೇಳಿದ್ದೆ. ಮಂಗಳೂರಿನ ಹಾಸ್ಟೆಲ್ಲಿನಲ್ಲಿದ್ದಾಗ ಪಕ್ಕದ ಕೋಣೆಯವಳು ರಾತ್ರಿ ಓದುವಾಗ ಹಾಡು ಹಾಕುತ್ತಿದ್ದಳು. ನಡುವೆ ಇಟ್ಟಿಗೆ ಗೋಡೆ. ಮಾತು, ಗಿಟಾರು ಯಾವುದೂ ಈಚೆ ಬರುತ್ತಿರಲಿಲ್ಲ. ಬರುತ್ತಿದ್ದುದು ತಳದ ದನಿ ಮಾತ್ರ. ದಮ್, ದಮ್, ದಮ್. ಆಮೇಲೆ ಏನೂ ಇಲ್ಲ. ಮತ್ತೆ ದಮ್, ದಮ್, ದಮ್, ಅದರ ಬಾಲಕ್ಕೊಂದು ಸಣ್ಣ ಕುಣಿತ. ಬೇಸ್ ಗಿಟಾರಿನ ಎಲ್ಲಕ್ಕಿಂತ ದಪ್ಪ ತಂತಿ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. ಅದರ ಅಲೆ 8 ಮೀಟರಿಗೂ ಉದ್ದ. ಅಂಥ ನಿಧಾನದ ಕಂಪನಕ್ಕೆ ಗೋಡೆಯೇ ಅದುರಿ ದಾರಿ ಕೊಡುತ್ತದೆ ಎಂದು ಆಗ ಗೊತ್ತಿರಲಿಲ್ಲ. ಗೋಡೆಗೆ ತಲೆಯಾನಿಸಿ ಕೂತು, ಆ ಮೂರು ಹೊಡೆತದ ನಂತರದ ಖಾಲಿಗಾಗಿ ಕಾಯುತ್ತಿದ್ದೆ. ಇನ್ನೊಬ್ಬನಾದರೆ ಅಲ್ಲೊಂದು ಸ್ವರ ತುರುಕಿಬಿಡುತ್ತಿದ್ದ. ಇವನು ಬಿಟ್ಟ. ಕೇಳುತ್ತಿರುವವಳು ತಾನಾಗಿಯೇ ತಲೆ ಅಲ್ಲಾಡಿಸಿ ಆ ಜಾಗ ತುಂಬಲಿ ಎಂದು ಬೇಕೆಂದೇ ಬಿಟ್ಟ ಹಾಗಿತ್ತು. ಅದು ತುಂಟತನ ಎಂದು ನನಗೆ ಅಂದೇ ಅನ್ನಿಸಿತ್ತು.

ಬೆಳಿಗ್ಗೆ ಅವಳನ್ನು ಕೇಳಿದೆ. 'ಅನದರ್ ಒನ್ ಬೈಟ್ಸ್ ದ ಡಸ್ಟ್', 1980ರ ಹಾಡು, ಬರೆದವನು ಆ ಬ್ಯಾಂಡಿನ ಬೇಸ್‌ನವನು ಅಂದಳು. ಮ್ಯೂನಿಕ್‌ನಲ್ಲಿ ರೆಕಾರ್ಡ್ ಮಾಡುವಾಗ ಬೇಸ್ ಮಾತ್ರವಲ್ಲ, ಅದರ ರಿದಮ್ ಗಿಟಾರನ್ನೂ ಪಿಯಾನೊವನ್ನೂ ನುಡಿಸಿದವನು ಡೀಕನ್ ಎಂದು ಮುಂದೆ ಓದಿ ತಿಳಿದುಕೊಂಡೆ. ಇದು ರಾಕ್ ಅಲ್ಲ ಎಂದು ಡ್ರಮ್ಮಿನ ರೋಜರ್ ಟೇಲರ್‌ಗೆ ಅಸಮಾಧಾನವಿತ್ತು. ಫ್ರೆಡ್ಡಿಗೆ ಮಾತ್ರ ಹುಚ್ಚೇ ಹಿಡಿದಿತ್ತು. ಗಂಟಲು ಕಟ್ಟುವವರೆಗೂ ಹಾಡಿದನಂತೆ. ಅಮೆರಿಕದಲ್ಲಿ ಆ ಹಾಡು ಮೂರು ವಾರ ಮೊದಲನೇ ಸ್ಥಾನದಲ್ಲಿತ್ತು. ಬ್ಯಾಂಡಿನಲ್ಲಿ ಎಲ್ಲರಿಗಿಂತ ಕಡಿಮೆ ಮಾತಾಡುವವನ ಹಾಡು!

ಡೀಕನ್ 1951ರ ಆಗಸ್ಟ್ 19ರಂದು ಇಂಗ್ಲೆಂಡಿನ ಲೆಸ್ಟರ್‌ನಲ್ಲಿ ಹುಟ್ಟಿದವನು. 1971ರಲ್ಲಿ ಕ್ವೀನ್ ಸೇರಿದಾಗ ಅವನಿಗೆ ಇನ್ನೂ 19. ನಾಲ್ವರಲ್ಲಿ ಕೊನೆಗೆ ಬಂದವನೂ ಅವನೇ, ಕಿರಿಯನೂ ಅವನೇ. ಅದಕ್ಕೂ ಮೊದಲು ಬೇಸ್ ನುಡಿಸಲು ಬಂದವರು ಯಾರೂ ನಿಂತಿರಲಿಲ್ಲ. ಮೊದಲ ಆಲ್ಬಮ್ಮಿನ ಮೇಲೆ ಅವನ ಹೆಸರನ್ನು ತಿರುಗಿಸಿ 'ಡೀಕನ್ ಜಾನ್' ಎಂದು ಅಚ್ಚು ಹಾಕಿದ್ದರು. ಮುಂದಿನದರ ಹೊತ್ತಿಗೆ ಸರಿಮಾಡಿಸಿಕೊಂಡ.

ಲಂಡನ್ನಿನ ಚೆಲ್ಸಿ ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್ ಓದಿ ಪ್ರಥಮ ದರ್ಜೆಯಲ್ಲಿ ಪಾಸಾದವನು ಅವನು. ನನಗೆ ಅವನ ಮೇಲಿನ ಪ್ರೀತಿ ಗಟ್ಟಿಯಾಗಿದ್ದು ಆ ಓದಿನಿಂದ ಹುಟ್ಟಿದ ಒಂದು ಪುಟ್ಟ ಪೆಟ್ಟಿಗೆಯ ಕಥೆ ಓದಿದಾಗ. 1970ರ ದಶಕದ ಆರಂಭದಲ್ಲಿ ಒಂದು ದಿನ ರಸ್ತೆ ಬದಿಯ ಕಸದ ರಾಶಿಯಲ್ಲಿ ತಂತಿ ನೇತಾಡುತ್ತಿದ್ದ ಒಂದು ಸರ್ಕ್ಯೂಟ್ ಬೋರ್ಡು ಅವನ ಕಣ್ಣಿಗೆ ಬಿತ್ತು. ಎತ್ತಿಕೊಂಡು ಹೋಗಿ, ಒಂದು ಸಣ್ಣ ಹಳೇ ಸ್ಪೀಕರ್ ಪೆಟ್ಟಿಗೆಯೊಳಗೆ ಕೂರಿಸಿ, 9 ವೋಲ್ಟಿನ ಬ್ಯಾಟರಿ ಸಿಕ್ಕಿಸಿದ. ದನಿ ಏರಿಸಲು ಇಳಿಸಲು ಒಂದು ತಿರುಪೂ ಇಲ್ಲ. ಅದನ್ನು ಗಿಟಾರಿನ ಬ್ರಯಾನ್ ಮೇಗೆ ಕೊಟ್ಟ. ಬ್ರಯಾನ್ ತನ್ನ ಗಿಟಾರನ್ನು ಅದಕ್ಕೆ ಜೋಡಿಸಿದರೆ ಪಿಟೀಲಿನಂತೆ, ಕ್ಲಾರಿನೆಟ್ಟಿನಂತೆ ದನಿ ಬಂತು. 'ಗುಡ್ ಕಂಪನಿ' ಹಾಡಿನಲ್ಲಿ ಒಂದಿಡೀ ಹಳೇ ಜಾಸ್ ವಾದ್ಯವೃಂದ ಕೇಳಿಸುತ್ತದಲ್ಲ, ಅಲ್ಲಿ ಊದುವ ವಾದ್ಯ ಒಂದೂ ಇಲ್ಲ. ಇರುವುದು ಬ್ರಯಾನನ ಗಿಟಾರು ಮತ್ತು ಈ ಪೆಟ್ಟಿಗೆ. ಅದಕ್ಕೆ 'ಡೀಕಿ ಆಂಪ್' ಎಂದೇ ಹೆಸರು. ಜನ ಬ್ರಯಾನನ ಕೈಚಳಕಕ್ಕೆ ಚಪ್ಪಾಳೆ ತಟ್ಟಿದರು, ತಟ್ಟಲೇಬೇಕು. ನಾನು ಆ ಹಾಡು ಕೇಳುವಾಗಲೆಲ್ಲ ಕಸದ ರಾಶಿಯ ಮುಂದೆ ನಿಂತು ಕೈಹಾಕಿದ ಹುಡುಗನನ್ನೂ ನೆನೆಯುತ್ತೇನೆ.

ನಮ್ಮ ಕಡೆ ಯಕ್ಷಗಾನದ ಆಟ ನೋಡಿ ಬೆಳೆದವರಿಗೆ ಇದು ಅರ್ಥವಾಗುತ್ತದೆ. ಚೆಂಡೆಯ ಪೆಟ್ಟು ಗದ್ದೆ ದಾಟಿ ಕೇಳಿಸುತ್ತದೆ, ನಮ್ಮನ್ನು ಎಳೆದು ತರುತ್ತದೆ. ಆದರೆ ಬೆಳಗಿನ ಜಾವದವರೆಗೂ ಪದ್ಯವನ್ನು ಕೈಹಿಡಿದು ನಡೆಸುವುದು ಮದ್ದಳೆ.

ಇನ್ನು 'ಅಂಡರ್ ಪ್ರೆಶರ್'. 1981ರಲ್ಲಿ ಸ್ವಿಟ್ಜರ್ಲೆಂಡಿನ ಮಾಂಟ್ರೊದಲ್ಲಿ ಇಂಗ್ಲೆಂಡಿನ ಹಾಡುಗಾರ ಡೇವಿಡ್ ಬೋವಿ ಜತೆಗೂಡಿ ಮಾಡಿದ ಹಾಡು. ಅದರ ಬೇಸ್ ಸಾಲಿನಲ್ಲಿ ಇರುವುದು ಎರಡೇ ಸ್ವರ. ನಮ್ಮ ಲೆಕ್ಕದಲ್ಲಿ ಷಡ್ಜ, ಕೊನೆಗೆ ಕೆಳಗಿನ ಪಂಚಮ. ತಂಬೂರಿಯ ತಂತಿಗಳಲ್ಲಿ ಇರುವ ಸ್ವರಗಳೇ! ಡೀಕನ್ ಅದನ್ನು ನುಡಿಸಿಕೊಂಡಿದ್ದ, ಎಲ್ಲರೂ ಪೀಟ್ಸಾ ತಿಂದು ಬರುವಷ್ಟರಲ್ಲಿ ಅವನಿಗೇ ಮರೆತುಹೋಗಿತ್ತು, ತಾನು ನೆನಪು ಮಾಡಿಕೊಟ್ಟೆ ಎನ್ನುವುದು ರೋಜರ್ ಟೇಲರ್ ಹೇಳುವ ಕಥೆ. ಅಂದು ಅಲ್ಲಿದ್ದವರು ಒಬ್ಬೊಬ್ಬರೂ ಒಂದೊಂದು ಬಗೆ ಹೇಳುತ್ತಾರೆ. ಡೀಕನ್ ಮಾತ್ರ ಅದರ ಹಿರಿಮೆಯನ್ನು ಬೋವಿಗೇ ಬಿಟ್ಟುಕೊಟ್ಟಿದ್ದ. ಇದು ಅವನ ಸ್ವಭಾವ.

ತುಂಟತನ ಎಲ್ಲಿ ಅಂತ ಕೇಳುವವರಿಗೆ 'ಐ ವಾಂಟ್ ಟು ಬ್ರೇಕ್ ಫ್ರೀ' ವಿಡಿಯೊ ತೋರಿಸುತ್ತೇನೆ. 1984ರದ್ದು. ನಾಲ್ವರೂ ಹೆಂಗಸರ ವೇಷದಲ್ಲಿದ್ದಾರೆ. ಫ್ರೆಡ್ಡಿ ಮೀಸೆ ಇಟ್ಟುಕೊಂಡೇ ಮನೆ ಗುಡಿಸುತ್ತಾನೆ, ಎಲ್ಲರ ಕಣ್ಣೂ ಅವನ ಮೇಲೆ. ನೀವು ಸೋಫಾ ನೋಡಿ. ಕಪ್ಪು ಕೋಟು, ತಲೆಗೆ ಟೋಪಿ, ಕೈಯಲ್ಲಿ ಪೇಪರು, ಹುಬ್ಬು ಗಂಟಿಕ್ಕಿ ಕೂತ ಅಜ್ಜಿಯೊಬ್ಬಳಿದ್ದಾಳೆ. ಈಗಿನ ಕಾಲದ ಮಕ್ಕಳು ಹೀಗೆ ಕುಣಿಯುತ್ತವಲ್ಲ ಎನ್ನುವ ಮುಖ. ಆ ಅಜ್ಜಿ ಡೀಕನ್. ಹಾಡು ಬರೆದವನೂ ಅವನೇ. ಕೈಕಾಲು ಆಡಿಸದೆ ಅಷ್ಟು ನಗಿಸುವುದು ಎಲ್ಲರಿಂದ ಆಗುವ ಕೆಲಸವಲ್ಲ.

ವೇದಿಕೆಯ ಮೇಲೂ ಹಾಗೇ. ಸದಾ ಡ್ರಮ್ಮಿನ ಹತ್ತಿರ. ಹಿಂದೆ ನಿಂತು ಯಾರೂ ನೋಡುತ್ತಿಲ್ಲ ಎಂಬಂತೆ ಪುಟ್ಟ ಪುಟ್ಟ ಹೆಜ್ಜೆ ಹಾಕಿ ಕುಣಿಯುತ್ತಾನೆ. 1986ರಲ್ಲಿ ಲಂಡನ್ನಿನ ವೆಂಬ್ಲಿ ಸ್ಟೇಡಿಯಮ್ಮಿನಲ್ಲಿ ನಡೆದ ಕಾರ್ಯಕ್ರಮವನ್ನು ಒಮ್ಮೆ ಅವನನ್ನೇ ನೋಡುತ್ತ ಮುಗಿಸಿ, ಬೇರೆಯದೇ ಕಛೇರಿ ನೋಡಿದ ಹಾಗಿರುತ್ತದೆ.

ಅವನ ಹಾಡುಗಳಲ್ಲಿ ನನಗೆ ಎಲ್ಲಕ್ಕಿಂತ ಹತ್ತಿರದ್ದು 'ಯೂ ಆರ್ ಮೈ ಬೆಸ್ಟ್ ಫ್ರೆಂಡ್'. 1975ರ ಆಲ್ಬಮ್ಮಿನದು, ಹೆಂಡತಿ ವೆರೋನಿಕಾಗಾಗಿ ಬರೆದದ್ದು. ಎಲೆಕ್ಟ್ರಿಕ್ ಪಿಯಾನೊ ನುಡಿಸಲು ಫ್ರೆಡ್ಡಿ ಒಪ್ಪಲಿಲ್ಲ, ಅವನಿಗೆ ಅದರ ದನಿಯೇ ಸೇರುತ್ತಿರಲಿಲ್ಲ. ಡೀಕನ್ ಅದನ್ನು ಮನೆಗೆ ಒಯ್ದು ತಾನೇ ಕಲಿತು ನುಡಿಸಿದ. ಫ್ರೆಡ್ಡಿ ಹಾಡಿದ್ದು ಅದರ ಮೇಲೆಯೇ. ಅಲ್ಲಿ ಬೇಸ್ ಕೇಳಿ. ಹಾಡುವವನ ಪಕ್ಕದಲ್ಲಿ ಇನ್ನೊಂದು ರಾಗವೇ ನಡೆದು ಬರುತ್ತಿರುತ್ತದೆ, ಎಲ್ಲಿಯೂ ಅವನ ಕಾಲಿಗೆ ಅಡ್ಡ ಬರುವುದಿಲ್ಲ.

ಫ್ರೆಡ್ಡಿ 1991ರ ನವೆಂಬರ್ 24ರಂದು ತೀರಿಕೊಂಡ. ಅವನಿಲ್ಲದೆ ಮುಂದುವರಿಯುವುದರಲ್ಲಿ ಅರ್ಥ ಕಾಣದೆ ಡೀಕನ್ ಮೆಲ್ಲಗೆ ಹಿಂದೆ ಸರಿದ. 1992ರಲ್ಲಿ ವೆಂಬ್ಲಿಯಲ್ಲಿ ನಡೆದ ಫ್ರೆಡ್ಡಿಯ ಸ್ಮರಣೆಯ ಕಾರ್ಯಕ್ರಮಕ್ಕೆ ಬಂದ. 1997ರ ಜನವರಿ 17ರಂದು ಪ್ಯಾರಿಸ್ಸಿನಲ್ಲಿ ಬ್ರಯಾನ್, ರೋಜರ್ ಜತೆ ಒಂದೇ ಒಂದು ಹಾಡಿಗೆ ಬೇಸ್ ಹಿಡಿದ, ಎಲ್ಟನ್ ಜಾನ್ ಹಾಡಿದ. ಅದೇ ವರ್ಷ ಇನ್ನೊಂದು ಹಾಡಿನ ರೆಕಾರ್ಡಿಂಗ್. ಅಲ್ಲಿಗೆ ಮುಗಿಯಿತು. 2001ರಲ್ಲಿ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್‌ನವರು ಕರೆದು ಸನ್ಮಾನ ಮಾಡಿದಾಗಲೂ ಹೋಗಲಿಲ್ಲ. ಅವನನ್ನು ಒಮ್ಮೆ ನೋಡಬೇಕು ಅನ್ನಿಸುವುದಿಲ್ಲವಾ ಎಂದೂ ಕೇಳುತ್ತಾರೆ. ಇಲ್ಲ. ಅವನು ತನ್ನ ಸಂಸಾರದ ಜತೆ ನೆಮ್ಮದಿಯಾಗಿ, ಯಾರ ಕ್ಯಾಮೆರಾದ ಕಾಟವೂ ಇಲ್ಲದೆ ಇರಲಿ. ನನಗೆ ಬೇಕಾದದ್ದನ್ನೆಲ್ಲ ಅವನು ಆಗಲೇ ಕೊಟ್ಟಿದ್ದಾನೆ.

ಹೋದ ತಿಂಗಳು ತಂಗಿಯ ಮಗ ಅದೇ ಪ್ರಶ್ನೆ ಕೇಳಿದ, "ದೊಡ್ಡಮ್ಮ, ಆ ಬೇಸ್‌ನವನದು ಏನು ಕೇಳಿಸುತ್ತೆ ನಿಮಗೆ?" ನಾನು ಮಾತಾಡಲಿಲ್ಲ. ಒಳಕೋಣೆಯಲ್ಲಿ ಸ್ಪೀಕರ್ ಇಟ್ಟು, ಹಾಡು ಹಚ್ಚಿ, ಬಾಗಿಲು ಹಾಕಿ, ಅವನನ್ನು ಜಗಲಿಗೆ ಕರೆತಂದು ಗೋಡೆಯ ಪಕ್ಕ ನಿಲ್ಲಿಸಿದೆ. ಸ್ವಲ್ಪ ಹೊತ್ತು ಸುಮ್ಮನೆ ನಿಂತಿದ್ದ. ಆಮೇಲೆ ಅಂಗೈ ಗೋಡೆಗೆ ಒತ್ತಿದ. ಮೂರು ಹೊಡೆತ ಬಿದ್ದು ಖಾಲಿ ಬಂದಾಗ, ಅವನ ತಲೆ ತಾನಾಗಿಯೇ ಅಲ್ಲಾಡಿತು.