ಸನಿಕೆಗಿಂತ ಮೊದಲು ಒಂದು ಬಿಂದಿಗೆ ನೀರು

ತುಮಕೂರಿನ ಸುತ್ತಲಿನ ಬೆಟ್ಟಗಳ ಕಾಲುದಾರಿ ನೋಡಿಕೊಳ್ಳುವ ಸಣ್ಣ ತಂಡವೊಂದರಲ್ಲಿ ನನ್ನ ಕೆಲಸ. ಭಾನುವಾರದ ಸ್ವಯಂಸೇವಕರನ್ನು ಸೇರಿಸುವುದು, ಅರಣ್ಯ ಇಲಾಖೆಯಿಂದ ಅನುಮತಿ ತರುವುದು, ಹಾರೆ, ಸನಿಕೆ, ಬಾಂಡ್ಲಿ ಹೊಂದಿಸುವುದು, ಮಧ್ಯಾಹ್ನಕ್ಕೆ ಚಿತ್ರಾನ್ನಕ್ಕೆ ಹೇಳುವುದು, ಎಲ್ಲ ನನ್ನ ಪಾಲಿಗೆ. ಆರು ವರ್ಷ ಆಯಿತು. ಮೊದಲ ವರ್ಷ ಮಾಡಿದ ತಪ್ಪೊಂದನ್ನು ಈ ಕೆಲಸಕ್ಕೆ ಹೊಸದಾಗಿ ಬರುವವರಿಗೆ ಹೇಳಲೇಬೇಕು.

ದೇವರಾಯನದುರ್ಗದ ಕಡೆಯ ಒಂದು ದಾರಿ ಅದು. ಕಾಲಿಗೆ ಕಲ್ಲು ಸಿಗುತ್ತೆ, ಲಾಂಟಾನ ಮೈಗೆ ಗೀರುತ್ತೆ ಅಂತ ನಡೆಯುವವರ ದೂರು. ಆಗಸ್ಟ್‌ನಲ್ಲಿ ಮೂವತ್ತು ಜನ ಬಂದರು. ಲಾಂಟಾನ ಕಡಿದೆವು, ಪ್ಲಾಸ್ಟಿಕ್ ಬಾಟಲಿ ಆಯ್ದು ಮೂಟೆ ಕಟ್ಟಿದೆವು. ದಾರಿಗೆ ಅಡ್ಡ ಇದ್ದ ಕಲ್ಲನ್ನೆಲ್ಲ ಕಿತ್ತು ಅಂಚಿನಲ್ಲಿ ಸಾಲಾಗಿ ಜೋಡಿಸಿದೆವು. ಸಂಜೆ ಹೊತ್ತಿಗೆ ದಾರಿ ಗುಡಿಸಿದ ಅಂಗಳದ ಹಾಗಿತ್ತು. ಎಲ್ಲರಿಗೂ ಖುಷಿಯೋ ಖುಷಿ.

ಆಮೇಲೆ ಹಸ್ತ ಮಳೆ ಬಂತು. ನಮ್ಮ ಕಡೆ ಸೆಪ್ಟೆಂಬರ್, ಅಕ್ಟೋಬರ್‌ನಲ್ಲೇ ಮಳೆ ಜಾಸ್ತಿ. ಅದೂ ಎಷ್ಟೋ ಸಲ ಸಂಜೆ ಗುಡುಗಿ, ಒಂದೇ ಹೊತ್ತಿಗೆ ಸುರಿದು ಹೋಗುತ್ತದೆ. ಹೋಗಿ ನೋಡಿದರೆ ದಾರಿಯ ನಡುವೆ ಮೊಣಕಾಲುದ್ದ ಕೊರಕಲು. ಗರಸು ಮಣ್ಣೆಲ್ಲ ಕೆಳಗಿನ ತಿರುವಿನಲ್ಲಿ ಗುಡ್ಡೆ ಬಿದ್ದಿತ್ತು. ಜನ ಕೊರಕಲು ಬಿಟ್ಟು ಪಕ್ಕದ ಹುಲ್ಲು ತುಳಿದು ಇನ್ನೊಂದು ದಾರಿ ಮಾಡಿಕೊಂಡಿದ್ದರು. ಅಡ್ಡ ಇದ್ದ ಕಲ್ಲುಗಳು ಇಷ್ಟು ದಿನ ನೀರನ್ನು ಅಲ್ಲಲ್ಲೇ ಆಚೆಗೆ ತಳ್ಳುತ್ತಿದ್ದವು. ಅವನ್ನು ತೆಗೆದದ್ದಲ್ಲದೆ, ಅಂಚಿನಲ್ಲಿ ಸಾಲು ಹಚ್ಚಿ ನೀರು ಹೊರಗೆ ಹೋಗದಂತೆ ಗೋಡೆಯನ್ನೂ ಕಟ್ಟಿದ್ದೆವು. ದಾರಿಯನ್ನು ಕಾಲುವೆ ಮಾಡಿದ್ದು ನಾವೇ.

ಬೆಟ್ಟದ ಕೆಳಗಿನ ಊರಿನ ಒಬ್ಬ ಅಕ್ಕ ನಮ್ಮ ಜೊತೆ ಕೂಲಿಗೆ ಬರುತ್ತಿದ್ದರು. ನರೇಗಾದಲ್ಲಿ ವರ್ಷಗಟ್ಟಲೆ ಬದು ಹಾಕಿದ ಕೈ. ಕೊರಕಲು ನೋಡಿ, "ಆವತ್ತೇ ಹೇಳಾನ ಅಂದ್ಕಂಡೆ ಸಾರ್. ಅಷ್ಟು ಜನ ಓದಿದೋರು ಮಾಡ್ತಾವ್ರಲ್ಲ ಅಂತ ಸುಮ್ಕಾದೆ" ಅಂದರು. ಕೊರಕಲಿಗಿಂತ ಆ ಮಾತು ನನಗೆ ಜಾಸ್ತಿ ನೋವು ಕೊಟ್ಟಿತು. ಗೊತ್ತಿದ್ದವರು ಪಕ್ಕದಲ್ಲೇ ಬಾಂಡ್ಲಿ ಹೊರುತ್ತಿದ್ದರು. ನಾನು ಒಂದು ಮಾತು ಕೇಳಿರಲಿಲ್ಲ.

ಮುಂದಿನ ಸಲದಿಂದ ಕೆಲಸ ಶುರು ಮಾಡುವುದು ಅವರೇ. ಕೆಳಗಿನಿಂದ ಒಂದು ಬಿಂದಿಗೆ ನೀರು ಹೊತ್ತು ತರುತ್ತೇವೆ. ಎಲ್ಲರನ್ನೂ ಪಕ್ಕಕ್ಕೆ ನಿಲ್ಲಿಸಿ, ಅಕ್ಕ ದಾರಿಯ ಮೇಲ್ತುದಿಯಲ್ಲಿ ನಿಧಾನವಾಗಿ ಸುರಿಯುತ್ತಾರೆ. ನೀರು ಮೊದಲು ಧೂಳು ಮೆತ್ತಿಕೊಂಡು ನಾಲಗೆಯ ಹಾಗೆ ಮುಂದೆ ಬರುತ್ತದೆ. ಒಣಗಿದ ಎಲೆ ತೇಲಿಸಿಕೊಂಡು ಒಂದು ಕಲ್ಲಿನ ಹತ್ತಿರ ನಿಲ್ಲುತ್ತದೆ, ತುಂಬಿಕೊಳ್ಳುತ್ತದೆ, ಆಮೇಲೆ ಒಂದು ಕಡೆಗೆ ವಾಲುತ್ತದೆ. ಅದು ಎಲ್ಲಿ ಓಡಲು ಶುರು ಮಾಡುತ್ತದೋ ಅಲ್ಲೊಂದು ಕಡ್ಡಿ ನೆಡುತ್ತಾರೆ. ನೀರನ್ನು ದಾರಿಯಿಂದ ಆಚೆಗೆ ತಿರುಗಿಸುವ ಅಡ್ಡಗಲ್ಲು ಬೇಕಾದದ್ದು ಅಲ್ಲೇ.

ಅಡ್ಡಗಲ್ಲನ್ನು ನೇರ ಅಡ್ಡಕ್ಕೆ ಇಡಬಾರದು, ಓರೆಯಾಗಿ ಇಡಬೇಕು. ನೇರ ಇಟ್ಟರೆ ಹಿಂದೆ ಮಣ್ಣು ತುಂಬಿ, ನೀರು ಮೇಲಿಂದಲೇ ಹಾರುತ್ತದೆ. ಕಲ್ಲಿನ ಮೂರರಲ್ಲಿ ಎರಡು ಪಾಲು ನೆಲದೊಳಗೆ ಹೋಗಬೇಕು, ಇಲ್ಲದಿದ್ದರೆ ನಾಲ್ಕು ಜನ ತುಳಿದರೆ ಅಲ್ಲಾಡುತ್ತದೆ. ದಾರಿ ಬೆಟ್ಟದ ಪಕ್ಕೆಗೆ ಅಡ್ಡಲಾಗಿ ಹೋಗುವ ಕಡೆ ನೆಲ ಹೊರಗಡೆಗೆ ಚೂರು ಇಳಿಜಾರಿರಬೇಕು. 1 ಮೀಟರ್ ಅಗಲಕ್ಕೆ 5 ಸೆಂಟಿಮೀಟರ್ ಸಾಕು. ಇನ್ನೊಂದು ಮಾತು, ಕಲ್ಲಿನ ಕೆಳಗೆ ಚೇಳು ಇರುತ್ತದೆ. ಬರಿಗೈ ಹಾಕದೆ ಹಾರೆಯಿಂದ ಮೀಟಿ. ಕಲ್ಲಿನ ಆಚೆ ಬದಿ ಮೊದಲು ಏಳಲಿ, ಆಗ ಕಲ್ಲೇ ನಿಮಗೂ ಚೇಳಿಗೂ ನಡುವೆ ಮರೆಯಾಗುತ್ತದೆ.

ಇಂಗ್ಲೆಂಡಿನ ಲೇಕ್ ಡಿಸ್ಟ್ರಿಕ್ಟ್‌ನಲ್ಲಿ 'ಫಿಕ್ಸ್ ದ ಫೆಲ್ಸ್' ಎಂಬ ತಂಡವಿದೆ. ಅಲ್ಲಿನ ಸ್ವಯಂಸೇವಕರು ಸನಿಕೆ ಹಿಡಿದು ಬೆಟ್ಟದ ದಾರಿಯುದ್ದಕ್ಕೂ ನೀರುಗಂಡಿಗಳಲ್ಲಿ ಸೇರಿದ ಮಣ್ಣು ಕಲ್ಲು ತೆಗೆಯುತ್ತಾ ಹೋಗುತ್ತಾರೆ. 'ಡ್ರೇನ್ ರನ್' ಅಂತ ಅದಕ್ಕೆ ಹೆಸರು. ಅಲ್ಲಿಯ ಮಳೆ ಬೇರೆ, ಮಣ್ಣು ಬೇರೆ. ಆದರೂ ಅದನ್ನು ಓದಿದಾಗ ನನಗೆ ನಮ್ಮ ಅಕ್ಕನೇ ನೆನಪಾದರು.

ನೀರು ಹೋಗುವುದನ್ನು ಒಮ್ಮೆ ಕಣ್ಣಾರೆ ಕಂಡವರ ನಡಿಗೆಯೇ ಬದಲಾಗುತ್ತದೆ. ಮೊದಲೆಲ್ಲ 'ಎಷ್ಟು ಮೂಟೆ ಆಯ್ತು?' ಅಂತ ಕೇಳುತ್ತಿದ್ದರು. ಈಗ ನೀರು ಆಚೆ ಹೋಗುವ ಗಂಡಿ ಮುಚ್ಚಿದೆಯಾ ಅಂತ ನೋಡುತ್ತಾ ಹತ್ತುತ್ತಾರೆ. ಕಾಲಿನಿಂದಲೇ ಎಲೆ ಸರಿಸಿ ಮುಂದೆ ಹೋಗುತ್ತಾರೆ. ಮೂವತ್ತು ಜನರನ್ನು ಒಟ್ಟಿಗೆ ಕರೆಯುವುದನ್ನು ನಾನು ಬಿಟ್ಟಿದ್ದೇನೆ. ಎಂಟು ಜನರ ಗುಂಪು, ಪ್ರತಿ ಗುಂಪಿಗೂ ದಾರಿಯ ಒಂದೊಂದು ತುಂಡು, ವರ್ಷವಿಡೀ ಅದೇ ತುಂಡು. ಮಳೆಗೆ ಮೊದಲು ಒಂದು ಸಲ, ದೊಡ್ಡ ಮಳೆ ಆದ ಮೇಲೆ ಒಂದು ಸಲ ಬಂದರೆ ಸಾಕು. ಕರಡಿ, ಚಿರತೆ ಇರುವ ಕಾಡು, ಆದ್ದರಿಂದ ಒಬ್ಬರೇ ಬರುವ ಹಾಗಿಲ್ಲ, ಕತ್ತಲಾಗುವ ಮೊದಲೇ ಎಲ್ಲರೂ ಕೆಳಗಿಳಿದಿರಬೇಕು.

ಹಳೆಯ ಕೊರಕಲು ಇನ್ನೂ ಪೂರ್ತಿ ತುಂಬಿಲ್ಲ. ಅದರೊಳಗೆ ಮೆಟ್ಟಿಲಿನ ಹಾಗೆ ಹನ್ನೊಂದು ಕಲ್ಲುಕಟ್ಟು ಕೂರಿಸಿದ್ದೇವೆ. ಪ್ರತಿ ಕಟ್ಟಿನ ಹಿಂದೆ ಒಂದು ಗೇಣು ಮಣ್ಣು ನಿಂತಿದೆ, ಅದರ ಮೇಲೆ ಹುಲ್ಲು ಬಂದಿದೆ. ಕಳೆದ ವಾರ ಅಕ್ಕ ಬೆರಳು ಊರಿ ಅಳೆದು ನೋಡಿ, "ಇನ್ನೊಂದೆರಡು ಮಳೆಗಾಲ ಬೇಕು ಸಾರ್" ಅಂದರು.