ತೌಡಿನ ಕ್ಯಾಪ್ಸೂಲು ಮತ್ತು ನನ್ನ ಕಬ್ಬಿಣದ ಲೆಕ್ಕ

ನನ್ನ ಮೈಯಲ್ಲಿ ಕಬ್ಬಿಣದ ಅಂಶ ಜಾಸ್ತಿ. ಹೀಗೆ ಹೇಳಿದರೆ ಕೇಳಿದವರು ಮೊದಲು ‘ಒಳ್ಳೇದೇ ಅಲ್ವಾ’ ಅಂತಾರೆ. ತಪ್ಪೇನಿಲ್ಲ ಬಿಡಿ. ನಮ್ಮ ಕಡೆ ಮನೆಮನೆಯಲ್ಲೂ ಇರುವುದು ‘ರಕ್ತ ಕಮ್ಮಿ’ ಅನ್ನುವ ಮಾತು. ಬಸುರಿಗೆ ಕಬ್ಬಿಣದ ಮಾತ್ರೆ, ಬೆಳೆಯುವ ಹುಡುಗಿಗೆ ನುಗ್ಗೆಸೊಪ್ಪು, ಸುಸ್ತು ಅಂದವರಿಗೆ ಬೀಟ್‌ರೂಟು, ಖರ್ಜೂರ, ಬೆಲ್ಲ. ಜಾಸ್ತಿ ಆದರೂ ಕಾಯಿಲೆ ಅಂದರೆ ಯಾರಾದರೂ ಹೇಗೆ ನಂಬಬೇಕು? ನನಗಿರುವುದು ಅದೇ ಕಾಯಿಲೆ. ಅದಕ್ಕೆ ಅಕ್ಕಿ ತೌಡಿನ ಕ್ಯಾಪ್ಸೂಲೊಂದನ್ನು ನುಂಗಿ ನೋಡಿದ ಲೆಕ್ಕ ಇದು.

ಇದರ ಹೆಸರು ಹೀಮೊಕ್ರೊಮಟೋಸಿಸ್. ವಂಶದಿಂದ ಬರುತ್ತದೆ. ನಮ್ಮ ದೇಹಕ್ಕೆ ಕಬ್ಬಿಣವನ್ನು ಒಳಗೆ ತಗೊಳ್ಳೋದು ಗೊತ್ತು, ಬೇಕೆಂದಾಗ ಹೊರಗೆ ಹಾಕೋದು ಗೊತ್ತಿಲ್ಲ. ಬೆವರು, ಉದುರುವ ಚರ್ಮ, ಕರುಳಿನ ಒಳಪದರ ಇವುಗಳ ಜೊತೆ ದಿನಕ್ಕೆ ಒಂದೆರಡು ಮಿಲಿಗ್ರಾಂ ಹೋಗುತ್ತದೆ, ಅಷ್ಟೇ. ಹಾಗಾಗಿ ಎಷ್ಟು ಬೇಕೋ ಅಷ್ಟನ್ನೇ ಒಳಗೆ ಬಿಡಬೇಕು. ಲಿವರ್ ತಯಾರಿಸುವ ಹೆಪ್ಸಿಡಿನ್ ಅನ್ನುವ ಹಾರ್ಮೋನು ಆ ಕೆಲಸ ಮಾಡುತ್ತದೆ. ನನ್ನಂಥವರಲ್ಲಿ ಅದು ಕಮ್ಮಿ. ಗೋಡೌನಿಗೆ ಹಗಲು ರಾತ್ರಿ ಮೂಟೆ ಇಳಿಯುತ್ತಲೇ ಇದೆ, ಲೋಡ್ ಹೊರಗೆ ಹೋಗುವ ಬಾಗಿಲೇ ಇಲ್ಲ ಅಂದ ಹಾಗೆ. ಆರೋಗ್ಯವಾಗಿರುವ ಗಂಡಸಿನ ಮೈಯಲ್ಲಿ ಒಟ್ಟು 3ರಿಂದ 4 ಗ್ರಾಂ ಕಬ್ಬಿಣ ಇರುತ್ತದೆ. ಈ ಕಾಯಿಲೆಯಲ್ಲಿ ಅದು ವರ್ಷಗಟ್ಟಲೆ ಏರುತ್ತಾ ಲಿವರ್, ಹೃದಯ, ಮೇದೋಜೀರಕ ಗ್ರಂಥಿ, ಕೀಲುಗಳಲ್ಲಿ ಕೂರುತ್ತದೆ.

ನಾನು ದಾವಣಗೆರೆಯ ಒಂದು ಅಕ್ಕಿ ಮಿಲ್ಲಿನಲ್ಲಿ ಲೆಕ್ಕ ಬರೆಯುವವನು. ಊರು ಚಿತ್ರದುರ್ಗ ಜಿಲ್ಲೆ, ಭೀಮಸಮುದ್ರದ ಹತ್ತಿರ. ಅಲ್ಲಿ ಅಡಿಕೆ ಎಷ್ಟೋ ಅದಿರಿನ ಲಾರಿಗಳೂ ಅಷ್ಟೇ. ಕಾಯಿಲೆಯ ಸುದ್ದಿ ಗೊತ್ತಾದಾಗ ಊರಿನ ಹಿರಿಯರೊಬ್ಬರು ‘ಆ ಕೆಂಪು ಧೂಳು ಕುಡಿದೂ ಕುಡಿದೂ ಒಳಗೆ ಕಬ್ಬಿಣ ಕೂತೈತಿ’ ಅಂದರು. ಬಹಳ ಜನ ಹಾಗೇ ತಿಳಿದಿದ್ದಾರೆ. ಧೂಳಿನಿಂದ ಶ್ವಾಸಕೋಶಕ್ಕೆ ತೊಂದರೆ ಆಗಬಹುದು, ಅದು ಬೇರೆ ಮಾತು. ನನ್ನದು ಹುಟ್ಟಿನಿಂದಲೇ ಬಂದದ್ದು.

ನಮ್ಮ ಅಪ್ಪ ಮದುವೆಯಾಗಿದ್ದು ತನ್ನ ಅಕ್ಕನ ಮಗಳನ್ನು. ಸೋದರಮಾವನ ಸಂಬಂಧ, ನಮ್ಮ ಕಡೆ ಹೊಸದೇನಲ್ಲ. ಈ ಕಾಯಿಲೆ ಬರಬೇಕಾದರೆ ಕೆಟ್ಟ ಜೀನು ಅಪ್ಪನಿಂದ ಒಂದು, ಅಮ್ಮನಿಂದ ಒಂದು, ಎರಡೂ ಬರಬೇಕು. ರಕ್ತಸಂಬಂಧದ ಮದುವೆಯಲ್ಲಿ ಇಬ್ಬರಲ್ಲೂ ಒಂದೇ ಜೀನು ಇರುವ ಸಾಧ್ಯತೆ ಹೆಚ್ಚು. ಇಬ್ಬರಲ್ಲೂ ಆ ಜೀನಿದ್ದ ದಂಪತಿಯ ಪ್ರತಿ ಮಗುವಿಗೂ ನಾಲ್ಕರಲ್ಲಿ ಒಂದು ಪಾಲು ಅಪಾಯ. ಯುರೋಪಿನವರಲ್ಲಿ ಹೆಚ್ಚಾಗಿ ಕಾಣುವುದು ಎಚ್‌ಎಫ್‌ಇ ಜೀನಿನ ದೋಷ. 1996ರಲ್ಲಿ ಪತ್ತೆಯಾಗಿದ್ದು. ಅದರ ಮುಖ್ಯ ಬಗೆಯಾದ ಸಿ282ವೈ ನಮ್ಮ ದೇಶದವರಲ್ಲಿ ಅಪರೂಪ. ನನ್ನ ಸ್ಯಾಂಪಲ್ ಬೆಂಗಳೂರಿಗೆ ಹೋಗಿ ಬಂದಾಗ ಎಚ್‌ಎಫ್‌ಇ ಸರಿಯಾಗೇ ಇತ್ತು. ದೋಷ ಸಿಕ್ಕಿದ್ದು ಟಿಎಫ್‌ಆರ್2 ಅನ್ನುವ ಇನ್ನೊಂದು ಜೀನಿನಲ್ಲಿ.

ನನಗೆ ಮೊದಲು ನೋವು ಕಂಡಿದ್ದು ಬಲಗೈಯ ತೋರುಬೆರಳು ಮತ್ತು ನಡುಬೆರಳಿನ ಬುಡದ ಗೆಣ್ಣಿನಲ್ಲಿ. ನೋಟು ಎಣಿಸುವಾಗ ಹೆಬ್ಬೆರಳು ಒತ್ತಿ ನೋಟು ಸರಿಸುತ್ತೇವಲ್ಲ, ಆಗ ಸೂಜಿ ಚುಚ್ಚಿದ ಹಾಗೆ. ಬೆಳಗ್ಗೆ ಪೆನ್ನು ಹಿಡಿಯೋಕೂ ಆಗ್ತಿರಲಿಲ್ಲ. ವಯಸ್ಸಾಯ್ತು, ಸಂಧಿವಾತ ಅಂತ ಎಣ್ಣೆ ಹಚ್ಚಿದ್ದಾಯಿತು. ಆಮೇಲೆ ಸುಸ್ತು, ಜೊತೆಗೆ ಶುಗರ್ ಗಡಿ ದಾಟಿತು. ಡಾಕ್ಟ್ರು ಕೈ ಹಿಡಿದು ನೋಡಿ, ಅದೇ ಎರಡು ಗೆಣ್ಣು ಒತ್ತಿ, ‘ಮನೆಯಲ್ಲಿ ಯಾರಿಗಾದ್ರೂ ಲಿವರ್ ತೊಂದರೆ ಇತ್ತಾ?’ ಅಂತ ಕೇಳಿದರು.

ಇತ್ತು. ನನ್ನ ಅಣ್ಣನಿಗೆ. ಐವತ್ತು ತುಂಬುವ ಮೊದಲೇ ಲಿವರ್ ಗಟ್ಟಿಯಾಗಿ, ಹೊಟ್ಟೆಯಲ್ಲಿ ನೀರು ತುಂಬಿ ತೀರಿಕೊಂಡ. ಒಂದು ದಿನವೂ ಹೆಂಡ ಮುಟ್ಟದ ಮನುಷ್ಯ. ಆದರೂ ಊರವರು ‘ಕದ್ದು ಕುಡೀತಿದ್ದ’ ಅಂದರು. ಅತ್ತಿಗೆ ಆ ಮಾತನ್ನು ತಿಥಿಯ ದಿನವೂ ಕೇಳಿಸಿಕೊಂಡರು. ಅವನಿಗೂ ಇದೇ ಇತ್ತು ಅಂತ ಈಗ ಪರೀಕ್ಷೆ ಮಾಡಿ ತೋರಿಸೋಕೆ ಆಗಲ್ಲ. ಆದರೆ ಕಪ್ಪಾದ ಚರ್ಮ, ಶುಗರ್, ಕೈಬೆರಳು ನೋವು, ಎಲ್ಲ ಅವನಿಗೂ ಇದ್ದವು. ನನ್ನ ರಿಪೋರ್ಟ್ ಬಂದ ಮೇಲೆ ಮೊದಲು ಹೋಗಿದ್ದು ಅತ್ತಿಗೆಯ ಹತ್ತಿರ. ಇದನ್ನೆಲ್ಲ ಬರೆಯೋದಕ್ಕೂ ಅವನೇ ದೊಡ್ಡ ಕಾರಣ.

ಮೈಯಲ್ಲಿ ಕೂತ ಕಬ್ಬಿಣದ ಅಂದಾಜು ಕೊಡುವ ರಕ್ತಪರೀಕ್ಷೆ ಫೆರಿಟಿನ್. ನನ್ನದು 1,400ರ ಮೇಲಿತ್ತು. ಗಂಡಸರಿಗೆ ಸಾಮಾನ್ಯವಾಗಿ 300ರ ಒಳಗಿರಬೇಕು. ಫೆರಿಟಿನ್ ಒಂದೇ ನೋಡಿ ಯಾರೂ ಹೆದರಬೇಡಿ. ಫ್ಯಾಟಿ ಲಿವರ್, ಕುಡಿತ, ಯಾವುದೋ ಸೋಂಕು, ಇವುಗಳಿಂದಲೂ ಅದು ಏರುತ್ತದೆ. ಜೊತೆಗೆ ಟ್ರಾನ್ಸ್‌ಫೆರಿನ್ ಸ್ಯಾಚುರೇಷನ್ ನೋಡಬೇಕು, ಅಂದರೆ ರಕ್ತದಲ್ಲಿ ಕಬ್ಬಿಣ ಹೊರುವ ಪ್ರೋಟೀನು ಎಷ್ಟು ಪಾಲು ತುಂಬಿದೆ ಅಂತ. ಅದು 45 ಪರ್ಸೆಂಟ್ ದಾಟಿದ್ದರೆ ಅನುಮಾನ ಗಟ್ಟಿಯಾಗುತ್ತದೆ. ನನ್ನದು 80ರ ಮೇಲಿತ್ತು.

ಚಿಕಿತ್ಸೆ ಕೇಳಿದರೆ ಯಾವ ಕಾಲದ್ದೋ ಅನ್ನಿಸುತ್ತದೆ: ರಕ್ತ ತೆಗೆಯೋದು. ರಕ್ತದಾನದ ಹಾಗೇ ಮಲಗಿಸಿ, ಚೀಲಕ್ಕೆ ಇಳಿಸುತ್ತಾರೆ. ಒಂದು ಮಿಲಿ ರಕ್ತದಲ್ಲಿ ಸುಮಾರು ಅರ್ಧ ಮಿಲಿಗ್ರಾಂ ಕಬ್ಬಿಣ. 450 ಮಿಲಿ ಚೀಲ ತುಂಬಿದರೆ 200 ಮಿಲಿಗ್ರಾಂಗೂ ಮೇಲೆ ಹೊರಗೆ ಹೋಯಿತು. ಹೊಸ ರಕ್ತ ಮಾಡಿಕೊಳ್ಳಲು ದೇಹ ಲಿವರಿನಲ್ಲಿ ಕೂತ ಕಬ್ಬಿಣವನ್ನು ಎಳೆದುಕೊಳ್ಳುತ್ತದೆ. ಮೊದಲು ವಾರವಾರ, ಆಮೇಲೆ ಹದಿನೈದು ದಿನಕ್ಕೊಮ್ಮೆ. ಫೆರಿಟಿನ್ 100ರ ಒಳಗೆ ಬರುವ ಹೊತ್ತಿಗೆ ವರ್ಷದ ಮೇಲಾಯಿತು. ಬೆರಳು ನೋವು ಪೂರ್ತಿ ಹೋಗಿಲ್ಲ, ಸುಸ್ತು ಮಾತ್ರ ಹೋಯಿತು.

ಇನ್ನು ಮೇಲೆ ಮೂರು ನಾಲ್ಕು ತಿಂಗಳಿಗೊಮ್ಮೆ ಸಾಕು, ಆದರೆ ಬದುಕಿರುವವರೆಗೂ ಅಂದರು. ಆಗ ಈ ಕ್ಯಾಪ್ಸೂಲಿನ ವಿಷಯ ಬಂತು. ಚೀಲದಿಂದ ಚೀಲಕ್ಕೆ ಅಂತರ ಸ್ವಲ್ಪ ಹೆಚ್ಚಿಸೋಕೆ ಆಗುತ್ತಾ ಅಂತ ನೋಡುವ ಆಸೆ ನನಗೆ. ನನ್ನ ರಕ್ತನಾಳ ತೆಳು, ಪ್ರತಿ ಸಲ ಹುಡುಕಬೇಕು. ಸೂಜಿಯೂ ದಪ್ಪ.

ಅದರ ಹೆಸರು ಐಪಿ6. ಇನೋಸಿಟಾಲ್ ಹೆಕ್ಸಾಫಾಸ್ಫೇಟ್ ಅನ್ನೋದರ ಚಿಕ್ಕ ಹೆಸರು. ಫೈಟಿಕ್ ಆಸಿಡ್ ಅಂದರೂ ಅದೇ. ಡಬ್ಬಿಯ ಹಿಂದೆ ಓದಿದೆ: ಅಕ್ಕಿ ತೌಡಿನಿಂದ ತೆಗೆದದ್ದು. ಭದ್ರಾ ನೀರಿನ ಭತ್ತ ನಮ್ಮ ಮಿಲ್ಲಿಗೆ ಬಂದು, ಹೊಟ್ಟು ಹೋಗಿ, ಪಾಲಿಶ್ ಆಗುವಾಗ ತಿಳಿ ಕಂದು ಬಣ್ಣದ ತೌಡು ಬೀಳುತ್ತದೆ. ಮುಷ್ಟಿಯಲ್ಲಿ ಹಿಡಿದರೆ ಅಂಗೈಗೆ ಎಣ್ಣೆಯ ಜಿಡ್ಡು, ಸಿಹಿ ಹಿಟ್ಟಿನ ವಾಸನೆ. ಎರಡು ದಿನ ಬಿಟ್ಟರೆ ಅದೇ ಕಮಟು. ಎಣ್ಣೆ ಮಿಲ್ಲಿಗೂ ಹಸುವಿನ ಹಿಂಡಿಗೂ ಅಂತ ಲೋಡುಗಟ್ಟಲೆ ಹೋಗುವ ಮಾಲು. ಅದರೊಳಗಿನದೇ ಒಂದು ವಸ್ತು ಕ್ಯಾಪ್ಸೂಲಾಗಿ ಬಂದು ನನ್ನ ಟೇಬಲ್ಲಿನ ಮೇಲೆ ಕೂತಿತ್ತು. ತೌಡನ್ನೇ ತಿನ್ನಬಹುದಲ್ಲ ಅಂತ ನಮ್ಮ ಹಮಾಲಿಯೊಬ್ಬ ಕೇಳಿದ. ಬೇಡ. ತೌಡಿನಲ್ಲೇ ಕಬ್ಬಿಣವೂ ಇದೆ.

ಡಾಕ್ಟ್ರಿಗೆ ಡಬ್ಬಿ ತೋರಿಸಿಯೇ ಶುರು ಮಾಡಿದೆ. ‘ರಕ್ತ ತೆಗೆಸೋದು ಬಿಡಬಾರದು, ಲಿವರ್ ಟೆಸ್ಟ್ ತಪ್ಪಿಸಬಾರದು, ಸತು ಮತ್ತು ಕ್ಯಾಲ್ಸಿಯಂ ಕಮ್ಮಿ ಆಗಬಹುದು, ನೋಡ್ಕೋಬೇಕು’ ಅಂದರು. ಅರಿಶಿನ ಮತ್ತು ಮೆಣಸಿನ ಸಾರ ಸೇರಿಸಿದ ಮಾತ್ರೆಯನ್ನೂ ಕೇಳಿದೆ. ಅದಕ್ಕೆ ಖಂಡಿತ ಬೇಡ ಅಂದರು. ಅಡುಗೆಯ ಅರಿಶಿನ ಬೇರೆ, ಅಷ್ಟು ಗಟ್ಟಿ ಮಾಡಿದ ಸಾರ ಬೇರೆ. ಆ ಬಗೆಯ ಮಾತ್ರೆಯಿಂದ ಕೆಲವರ ಲಿವರಿಗೆ ಪೆಟ್ಟು ಬಿದ್ದ ಪ್ರಕರಣಗಳು ದಾಖಲಾಗಿವೆ. ಗ್ರೀನ್ ಟೀ ಸಾರದ ಮಾತ್ರೆಯದೂ ಅದೇ ಕತೆ. ಮೊದಲೇ ಬಳಲಿದ ಲಿವರ್ ನಮ್ಮದು. ‘ನೈಸರ್ಗಿಕ’ ಅಂತ ಬರೆದ ಮಾತ್ರಕ್ಕೆ ಲಿವರ್ ಸುಮ್ನೆ ಬಿಡಲ್ಲ.

ಲೆಕ್ಕದವನಾದ್ದರಿಂದ ಒಂದು ಸಲಕ್ಕೆ ಒಂದೇ ಬದಲಾವಣೆ ಅಂತ ಇಟ್ಟುಕೊಂಡೆ. ಮೊದಲು ಡಬ್ಬಿಯಲ್ಲಿ ಹೇಳಿದ ಹಾಗೆ, ಖಾಲಿ ಹೊಟ್ಟೆಯಲ್ಲಿ. ರಕ್ತಕ್ಕೆ ಇಳಿದು, ಕೂತ ಕಬ್ಬಿಣವನ್ನು ಕಟ್ಟಿ ಹೊರಗೆ ತರುತ್ತದೆ ಅನ್ನೋದು ಮಾರುವವರ ಮಾತು. ಮುಂದಿನ ರಿಪೋರ್ಟಿನಲ್ಲಿ ಫೆರಿಟಿನ್ ಎಂದಿನ ವೇಗದಲ್ಲೇ ಏರಿತ್ತು. ಏನೂ ವ್ಯತ್ಯಾಸ ಇಲ್ಲ.

ಆಮೇಲೆ ಊಟದ ಜೊತೆಗೆ ತಗೊಂಡೆ. ಇದಕ್ಕೆ ವಿಜ್ಞಾನದ ಆಧಾರ ಇದೆ. ಫೈಟಿಕ್ ಆಸಿಡ್ ಕರುಳಿನಲ್ಲಿ ಊಟದ ಕಬ್ಬಿಣವನ್ನು ಹಿಡಿದುಕೊಳ್ಳುತ್ತದೆ, ಕಬ್ಬಿಣ ಒಳಗೆ ಹೀರಿಕೊಳ್ಳದೆ ಹೊರಗೆ ಹೋಗುತ್ತದೆ. ಕಾಳು, ಸೊಪ್ಪಿನ ಕಬ್ಬಿಣಕ್ಕೆ ಈ ಮಾತು. ಮಾಂಸದ ಕಬ್ಬಿಣದ ಮೇಲೆ ಇದರ ಆಟ ಅಷ್ಟಾಗಿ ನಡೆಯಲ್ಲ. ನಮ್ಮ ಮನೆಯಲ್ಲಿ ಮಾಂಸ ಇಲ್ಲ, ಹಾಗಾಗಿ ನನಗೆ ಅನುಕೂಲ. ಈ ಸಲ ಏರಿಕೆ ಸ್ವಲ್ಪ ನಿಧಾನವಾಯಿತು. ನಿಂತಿಲ್ಲ, ನಿಧಾನ ಅಷ್ಟೇ. ಇದು ಒಬ್ಬನ ಮೈಯ ಲೆಕ್ಕ ಅನ್ನೋದನ್ನು ಮರೀಬೇಡಿ.

ಇಲ್ಲಿ ಒಂದು ಗುಣಾಕಾರ ಮಾಡಿ ನೋಡಿ. ಕ್ಯಾಪ್ಸೂಲು ದಿನಕ್ಕೆ ಒಂದು ಮಿಲಿಗ್ರಾಂ ಕಬ್ಬಿಣವನ್ನು ತಡೆಯುತ್ತದೆ ಅಂತ ಇಟ್ಟುಕೊಳ್ಳಿ. 200 ದಿನ ನುಂಗಿದರೂ ತಡೆದಿದ್ದು 200 ಮಿಲಿಗ್ರಾಂ. ಒಂದು ಚೀಲ ರಕ್ತ ಅರ್ಧ ಗಂಟೆಯೊಳಗೆ ಮಾಡುವ ಕೆಲಸ ಅದು. ಅದೂ ಬರುವುದನ್ನು ತಡೆದದ್ದೇ ಹೊರತು, ಈಗಾಗಲೇ ಲಿವರಿನಲ್ಲಿ ಕೂತಿದ್ದನ್ನು ಒಂದು ಮಿಲಿಗ್ರಾಂ ಕೂಡ ತೆಗೆದಿಲ್ಲ. ಫೆರಿಟಿನ್ ಸಾವಿರ ದಾಟಿದವರು ಕ್ಯಾಪ್ಸೂಲು ನಂಬಿ ರಕ್ತ ತೆಗೆಸೋದನ್ನು ಮುಂದೂಡಿದರೆ ಏನಾಗುತ್ತೆ ಅಂತ ಯೋಚಿಸಿದಾಗೆಲ್ಲ ನನಗೆ ಅಣ್ಣನ ಹೊಟ್ಟೆ ನೆನಪಾಗುತ್ತದೆ.

ಕ್ಯಾಪ್ಸೂಲು ನಿಲ್ಲಿಸಿ ಚಹಾಕ್ಕೆ ಬಂದೆ. ಜರ್ಮನಿಯಲ್ಲಿ ಇದೇ ಕಾಯಿಲೆಯ 18 ಜನರನ್ನು ಒಂದು ವರ್ಷ ಗಮನಿಸಿದ ಅಧ್ಯಯನ 1998ರಲ್ಲಿ ಪ್ರಕಟವಾಗಿದೆ. ಊಟದ ಜೊತೆ ಟ್ಯಾನಿನ್ ಅನ್ನುವ ಒಗರು ಅಂಶ ಹೆಚ್ಚಿರುವ ಚಹಾ ಕುಡಿದವರಲ್ಲಿ ಕಬ್ಬಿಣ ಸೇರುವ ವೇಗ ಕಮ್ಮಿಯಾಗಿತ್ತು. ಈಚೆಗೆ ಸ್ವಿಟ್ಜರ್ಲೆಂಡಿನಲ್ಲಿ ಚಹಾ, ಕೋಕೋ, ದ್ರಾಕ್ಷಿಯ ಸಾರ ಸೇರಿಸಿ, ಊಟದ ಜೊತೆ ಕೊಟ್ಟು ಪ್ರಯೋಗ ಮಾಡಿದರು. ಆ ಊಟದಿಂದ ಹೀರಿಕೊಂಡ ಕಬ್ಬಿಣ ಸುಮಾರು 40 ಪರ್ಸೆಂಟ್ ಇಳಿದಿತ್ತು. ನಾನು ಹಾಲು ಹಾಕದ ಕಡಕ್ ಚಹಾ ಮಾಡಿಕೊಂಡು, ಊಟದ ಜೊತೆಗೇ ಕುಡಿಯುತ್ತೇನೆ. ಊಟ ಆಗಿ ಒಂದೆರಡು ಗಂಟೆ ಬಿಟ್ಟು ಕುಡಿದರೆ ಲಾಭ ಕಮ್ಮಿ, ಎರಡೂ ಹೊಟ್ಟೆಯಲ್ಲಿ ಒಟ್ಟಿಗೆ ಸೇರಬೇಕು. ನನ್ನ ರಿಪೋರ್ಟಿನಲ್ಲಿ ಕ್ಯಾಪ್ಸೂಲಿಗೂ ಚಹಾಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಒಂದು ಡಬ್ಬಿಯ ದುಡ್ಡಿನಲ್ಲಿ ಎಷ್ಟು ಚಹಾಪುಡಿ ಬರುತ್ತೆ ಅಂತ ನಿಮಗೇ ಗೊತ್ತು. ಕ್ಯಾಪ್ಸೂಲು ಬಿಟ್ಟೆ, ಚಹಾ ಉಳಿಸಿಕೊಂಡೆ.

ನಮ್ಮ ರಾಗಿ ಮುದ್ದೆ, ಜೋಳದ ರೊಟ್ಟಿಯಲ್ಲೂ ಫೈಟಿಕ್ ಆಸಿಡ್ ಬೇಕಾದಷ್ಟಿದೆ. ಮೊಳಕೆ ಕಟ್ಟಿದರೆ, ಹಿಟ್ಟು ಹುದುಗಿಸಿದರೆ ಅದು ಕಮ್ಮಿಯಾಗುತ್ತದೆ. ರಕ್ತ ಕಮ್ಮಿ ಇದ್ದವರಿಗೆ ರಾಗಿ ಮೊಳಕೆ ಕಟ್ಟಿ ಕೊಡಿ ಅನ್ನೋದು ಅದಕ್ಕೇ. ನನಗೆ ಉಲ್ಟಾ: ಮೊಳಕೆ ಕಟ್ಟದ ರಾಗಿ. ಬೆಣ್ಣೆ ದೋಸೆ ಬಿಟ್ಟಿಲ್ಲ, ದಾವಣಗೆರೆಯಲ್ಲಿದ್ದು ಅದನ್ನು ಬಿಡೋಕೆ ಡಾಕ್ಟ್ರೂ ಹೇಳಿಲ್ಲ. ಕಬ್ಬಿಣದ ಬಾಣಲೆಯಲ್ಲಿ ಹುಳಿ ಪದಾರ್ಥ ಬೇಯಿಸೋದು ನಿಂತಿದೆ, ಹುಳಿಗೆ ಕಬ್ಬಿಣ ಬಿಡುತ್ತದೆ. ವಿಟಮಿನ್ ಸಿ ಮಾತ್ರೆ ಮನೆಗೇ ತರಲ್ಲ. ಹಣ್ಣು ತಿನ್ನುತ್ತೇನೆ.

ರೇಷನ್ ಅಕ್ಕಿಯದ್ದು ಮಾತ್ರ ಗಮನವಿಟ್ಟು ಓದಿ. ಅದರಲ್ಲಿ ನೂರು ಕಾಳಿಗೆ ಒಂದರಂತೆ ಸಾರವರ್ಧಿತ ಕಾಳು ಬೆರೆಸಿರಬಹುದು. ಅಕ್ಕಿಹಿಟ್ಟಿಗೆ ಕಬ್ಬಿಣ, ಫೋಲಿಕ್ ಆಸಿಡ್, ಬಿ12 ಸೇರಿಸಿ ಅಕ್ಕಿಯ ಆಕಾರಕ್ಕೆ ಒತ್ತಿದ ಕಾಳು. ಬಣ್ಣ ಬೇರೆ ಇರುವುದರಿಂದ ಎಷ್ಟೋ ಜನ ಪ್ಲಾಸ್ಟಿಕ್ ಅಕ್ಕಿ ಅಂತ ಆರಿಸಿ ಎಸೆಯುತ್ತಾರೆ. ಎಸೆಯಬೇಡಿ, ಅದು ಅಕ್ಕಿಯೇ, ಬಹುಪಾಲು ಜನಕ್ಕೆ ಒಳ್ಳೆಯದೇ. ಹೀಗೆ ಬೆರೆಸಿದ ಅಕ್ಕಿಯಲ್ಲಿ ಕಿಲೋಗೆ 28ರಿಂದ 42.5 ಮಿಲಿಗ್ರಾಂ ಕಬ್ಬಿಣ ಇರಬೇಕು ಅನ್ನೋದು ನಿಯಮ. ನನಗೆ ಮಾತ್ರ ಅದು ಬೇಡ. ಹಾಗಾಗಿ ನಮ್ಮ ಮನೆಯಲ್ಲಿ ಎರಡು ಡಬ್ಬ. ನನಗೆ ಮಿಲ್ಲಿನ ಸೋನಾ ಮಸೂರಿ, ಮಗಳಿಗೂ ನನ್ನವಳಿಗೂ ರೇಷನ್ ಅಕ್ಕಿ. ಮಗಳಿಗೆ ಹಿಮೋಗ್ಲೋಬಿನ್ ಕಮ್ಮಿ, ಶಾಲೆಯಲ್ಲಿ ವಾರಕ್ಕೊಂದು ನೀಲಿ ಬಣ್ಣದ ಕಬ್ಬಿಣದ ಮಾತ್ರೆ ಕೊಡುತ್ತಾರೆ. ‘ಅಲ್ರೀ, ಒಂದೇ ಮನೇಲಿ ಒಬ್ರಿಗೆ ಹಾಕ್ಬೇಕು, ಒಬ್ರಿಗೆ ತೆಗೀಬೇಕು, ನಾನು ಹೆಂಗ್ ಅಡುಗಿ ಮಾಡ್ಲಿ’ ಅಂತ ಇವಳು ಮೊದಮೊದಲು ಅತ್ತಿದ್ದೂ ಇದೆ. ಮಗಳಿಗೆ ನನ್ನಿಂದ ಒಂದು ಜೀನು ಹೋಗಿಯೇ ಇರುತ್ತದೆ. ಅದೊಂದರಿಂದ ಕಾಯಿಲೆ ಬರಲ್ಲ. ಅವಳ ರಕ್ತ ಪರೀಕ್ಷೆ ನೋಡಿಯೇ ಡಾಕ್ಟ್ರು ನೀಲಿ ಮಾತ್ರೆ ನುಂಗಲಿ ಅಂದರು.

ಅಕ್ಕನನ್ನು ಪರೀಕ್ಷೆಗೆ ಒಪ್ಪಿಸೋದೇ ಕಷ್ಟವಾಯಿತು. ‘ನಂಗೇನಾಗೈತೋ ತಮ್ಮಾ, ಗಟ್ಟಿ ಅದೀನಿ’ ಅನ್ನುತ್ತಿದ್ದಳು. ಹೆಂಗಸರಿಗೆ ಮುಟ್ಟಿನಲ್ಲಿ ತಿಂಗಳು ತಿಂಗಳು ರಕ್ತ ಹೋಗುವುದರಿಂದ ಇದು ತಡವಾಗಿ ಕಾಣುತ್ತದೆ. ಮುಟ್ಟು ನಿಂತ ಮೇಲೆ ಏರಲು ಶುರು. ಅವಳಿಗೆ ನಿಂತು ನಾಲ್ಕೈದು ವರ್ಷ ಆಗಿದೆ. ಕೊನೆಗೆ ಅತ್ತಿಗೆಯೇ ಹೊಳಲ್ಕೆರೆ ಬಸ್ಸು ಹತ್ತಿಸಿ ಕರಕೊಂಡು ಬಂದರು. ಸ್ಯಾಚುರೇಷನ್ ಜಾಸ್ತಿ ಬಂತು, ಫೆರಿಟಿನ್ ಇನ್ನೂ ಕೈಮೀರಿಲ್ಲ, ಲಿವರ್ ಚೆನ್ನಾಗಿದೆ. ಮುಂದಿನ ತಿಂಗಳಿಂದ ಅವಳಿಗೂ ರಕ್ತ ತೆಗೆಯೋದು ಶುರು. ಅಣ್ಣನ ಇಬ್ಬರು ಗಂಡುಮಕ್ಕಳ ಸ್ಯಾಂಪಲ್ಲನ್ನೂ ಅವತ್ತೇ ಕೊಟ್ಟಿದ್ದೇವೆ.